ಎರಡನೇ ಸರ್ವರ್ ಬೇಡ ಎಂದವನು ನಾನು

ಮಾನ್ಯ ಮುಖ್ಯ ವೈದ್ಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನಗಲಿದ ಸಹೋದ್ಯೋಗಿಯ ಯಜಮಾನರೇ, ಮಗಳೇ, ಆಸ್ಪತ್ರೆಯ ಎಲ್ಲ ಬಂಧುಗಳೇ — ನಮಸ್ಕಾರ.

ನಾವೆಲ್ಲ ಅವರನ್ನು ಕೀಲಿಯಕ್ಕ ಎನ್ನುತ್ತಿದ್ದೆವು. ಪಾಸ್‌ವರ್ಡ್ ಮರೆತವರು ಓಡುತ್ತಿದ್ದುದು ಅವರ ಮೇಜಿಗೇ. ಪಕ್ಕದ ಮೇಜು ನನ್ನದು. ಕಂಪ್ಯೂಟರ್ ವಿಭಾಗದಲ್ಲಿ ನಾನು ಅವರಿಗಿಂತ ಒಂಬತ್ತು ವರ್ಷ ಹಿರಿಯ. ಆದರೂ ಜನ ನನ್ನನ್ನು ದಾಟಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ನಾಲ್ಕು ಒಳ್ಳೆಯ ಮಾತು ಆಡಿ ಕುಳಿತುಬಿಡಬಹುದಿತ್ತು — ಆಗುತ್ತಿಲ್ಲ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚಿತ್ತು.

ಇಲ್ಲಿನ ಯಾವ ಕಂಪ್ಯೂಟರ್‌ನಲ್ಲಿ ಯಾರು ಕೆಲಸ ಮಾಡಬಹುದು ಎಂಬ ನಿಯಮಗಳೆಲ್ಲ ಮುಖ್ಯ ಸರ್ವರ್‌ನಲ್ಲಿದ್ದವು. ಅದಕ್ಕೆ ಜೊತೆಯಾಗಿ ಅದೇ ನಿಯಮಗಳ ನಕಲಿರುವ ಇನ್ನೊಂದು ಇರಲಿ ಎಂದವರು ಅವರು. "ಅದು ದಂಡ" ಎಂದವನು ನಾನು. ಅವರ ಮಾತೇ ನಡೆಯಿತು. ಅಂದಿನಿಂದ ಆ ಎರಡನೇ ಪೆಟ್ಟಿಗೆಯನ್ನು ಕಂಡರೂ ನನಗೆ ಉರಿ.

ಕಳೆದ ವರ್ಷ ಒಂದು ಬೆಳಿಗ್ಗೆ — ನೆನಪಿದೆಯಲ್ಲ — ಔಷಧಿ ಕೌಂಟರಿನ ಕಂಪ್ಯೂಟರ್‌ಗಳು ಯಾರನ್ನೂ ಒಳಗೆ ಬಿಡಲಿಲ್ಲ. ಚೀಟಿ ಹಿಡಿದ ರೋಗಿಗಳ ಸಾಲು ಮೆಟ್ಟಿಲವರೆಗೆ ಬಂದಿತ್ತು. ಯಾವುದೋ ತಪ್ಪು ನಿಯಮ ಕೂತಿತ್ತು, ತೆಗೆಯಬೇಕಿತ್ತು. ಅದೇ ಹೊತ್ತಿಗೆ ಮುಖ್ಯ ಸರ್ವರ್ ಸುಟ್ಟುಹೋಗಿತ್ತು. ಪರದೆಯ ಮೇಲೆ ನಿಯಮ ತಿದ್ದುವ ಕಿಟಕಿ ತೆರೆಯಹೋದರೆ ಒಂದೇ ಉತ್ತರ — ಮುಖ್ಯ ಸರ್ವರ್ ಸಿಗುತ್ತಿಲ್ಲ. ನಾನು ಸ್ಕ್ರೂಡ್ರೈವರ್ ಹಿಡಿದು — ಹೀಗೆ — ಮಂಡಿಯೂರಿ ಒಂದು ಗಂಟೆ ಗುದ್ದಾಡಿದೆ.

ಅವರು ಬಂದರು. "ಸಾರ್, ಅದನ್ನ ಬಿಡಿ. ನಿಯಮಗಳೆಲ್ಲ ಇನ್ನೊಂದರಲ್ಲೂ ಇವೆಯಲ್ಲ."

"ಕಿಟಕಿ ಇದನ್ನೇ ಕೇಳ್ತಿದೆಯಲ್ಲಮ್ಮ."

"ಸುಮ್ನಿದ್ರೆ ಇದನ್ನೇ ಹುಡುಕುತ್ತೆ. ಅದರ ಹತ್ರ ಹೋಗು ಅಂತ ನಾವು ಹೇಳ್ಬೇಕು."

ಪಟ್ಟಿಯಲ್ಲಿ ಎರಡನೇ ಸರ್ವರ್ ಆರಿಸಿದರು. ಕಿಟಕಿ ತೆರೆಯಿತು. ತಪ್ಪು ನಿಯಮ ತೆಗೆದರು, ಕೌಂಟರಿಗೆ ಫೋನ್ ಮಾಡಿ, "ಎಲ್ಲಾ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದರು. ಐದೇ ನಿಮಿಷ — ಸಾಲು ಕರಗತೊಡಗಿತು. ನನ್ನ ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಮುಖ್ಯ ವೈದ್ಯರೇ, ಆ ನಿಯಮ ಯಾರು ಹಾಕಿದ್ದು ಎಂದು ಅಂದು ನೀವು ಕೇಳಿದಿರಿ. ಅವರು, "ಗೊಂದಲ ಆಗಿತ್ತು ಸಾರ್, ನಾವಿಬ್ಬರೂ ಸೇರಿ ಸರಿ ಮಾಡಿದ್ವಿ" ಎಂದರು. ಹಾಕಿದ್ದು ನಾನು. ಹಿಂದಿನ ದಿನ ದಾಖಲೆ ಕೋಣೆಗೆಂದು ಬರೆದದ್ದನ್ನು ಅವಸರದಲ್ಲಿ ಕೌಂಟರಿಗೂ ಅಂಟಿಸಿದ್ದೆ. ನನ್ನ ಹೆಸರು ಪರದೆಯ ಮೇಲೆಯೇ ಇತ್ತು. ಅವರು ನೋಡಿದ್ದರು.

ಸಂಜೆ ಕೇಳಿದೆ, "ಯಾಕೆ ಹೇಳ್ಲಿಲ್ಲ?"

"ನಿಮ್ಮ ಸಪ್ಪೆ ಮುಖ ನೋಡೋಕಾಗ್ಲಿಲ್ಲ ಸಾರ್. ಬನ್ನಿ, ಟೀ ಕುಡಿಯೋಣ."

ಕೆಲಸವಿದೆ ಎಂದೆ. ಕೆಲಸವಿರಲಿಲ್ಲ. ಅವರ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚು — ಅದು ನನಗೇಕೆ ಬರಲಿಲ್ಲ ಎಂದು. "ಏನೋ ಅದೃಷ್ಟ, ಹೊಡೀತು" ಎಂದು ಊಟದ ಕೋಣೆಯಲ್ಲಿ ಆಡಿಕೊಂಡು ತಿರುಗಿದೆ. ಅದು ಅವರ ಕಿವಿಗೂ ಬಿತ್ತಂತೆ. ಮರುದಿನವೂ ನಕ್ಕೇ ಮಾತಾಡಿಸಿದರು.

ಮಗಳೇ, ನಿಮ್ಮಮ್ಮನಿಗೆ ಅದೃಷ್ಟ ಹೊಡೆದಿರಲಿಲ್ಲ. ಅವರಿಗೆ ಕೆಲಸ ಗೊತ್ತಿತ್ತು. ಇದನ್ನು ಅವರೆದುರೇ ಹೇಳಬೇಕಿತ್ತು. ಬಾಗಿಲ ಹೊರಗೂ ಜನ ನಿಂತಿದ್ದಾರೆ — ನೋಡಿದರೆ ಈಗಲೂ ಒಳಗೆ ಚುರುಕ್ ಅನ್ನುತ್ತದೆ. ನಾನು ಹೋದಾಗ ಇಷ್ಟು ಜನ ಬರುವುದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ ಯಾರೂ ಮಾತಾಡುವುದು ಬೇಡ — ನಾನಂತೂ ಅವರ ಬಗ್ಗೆ ಆಗಲೇ ಬೇಕಾದಷ್ಟು ಆಡಿದ್ದೇನೆ.