ಹತ್ತಿಯಷ್ಟು ಹಗುರ

ಚಾಮುಂಡಿ ಬೆಟ್ಟದ ಪಾದಕ್ಕೆ ಹೊರಟ ಮುಂಜಾನೆಯ ಬಸ್ಸಿನಲ್ಲಿ, ವಿಶಾಲಾಕ್ಷಮ್ಮನವರ ಮುಂದಿನ ಸೀಟಿನಲ್ಲಿ ಅತ್ತೆ ಸೊಸೆ ಕೂತಿದ್ದರು. ಅತ್ತೆಯ ತೊಡೆಯ ಮೇಲೆ ಹೊಸ ಬೆನ್ನುಚೀಲವಿತ್ತು.

"ಹೋದ್ವರ್ಷ ಬ್ಯಾಗಿನ ಭಾರಕ್ಕೆ ನಂದಿ ಹತ್ರಾನೇ ಕೂತ್ಬುಟ್ಟೆ ಕಣೆ ಕುಸುಮ. ಈ ಸಲನಾದ್ರೂ ಎಲ್ಲಾ ಮೆಟ್ಲಿಗೂ ಕುಂಕುಮ ಇಟ್ಟು ಹರಕೆ ತೀರಿಸ್ತೀನಾ?"

"ತೀರಿಸ್ತೀರ ಕಣತ್ತೆ. ಎರಡೂ ಹೆಗಲಿಗೆ ಹಾಕ್ಕಳಿ, ಬಗ್ಗಿ ಕುಂಕುಮ ಇಡೋಕೆ ಕೈ ಖಾಲಿ ಇರ್ತವೆ."

"ನೀರಿನ ಬಾಟ್ಲಿ ಎರಡು, ಬುತ್ತಿ, ಎಲ್ಲಾ ನಾನೇ ತುಂಬಿದ್ದೆ. ಎತ್ತುದ್ರೆ ಹತ್ತಿ ಎತ್ತಿದಂಗೈತಲ್ಲ!"

"ಬೆಟ್ಟ ಹತ್ತೋರ ಬ್ಯಾಗು, ಅಂಗೇ ಇರ್ತದೆ."

"ಒಳ್ಳೇದನ್ನೇ ಆರಿಸಿದ್ದೀಯ ಬುಡು."

ಪಾದ ಬಂತು. ಅತ್ತೆ ಹಕ್ಕಿಯಂತೆ ಇಳಿದರು. ಹಿಂದೆಯೇ ಎದ್ದ ಕುಸುಮಳ ಹಳೆಯ ಚೀಲದಿಂದ ಎರಡು ಬಾಟಲಿಗಳೂ ಬುತ್ತಿಯ ಡಬ್ಬಿಯೂ ಇಣುಕುತ್ತಿದ್ದವು. ವಿಶಾಲಾಕ್ಷಮ್ಮ ಅವನ್ನು ಮೆಲ್ಲನೆ ಒಳಗೆ ತಳ್ಳಿ, ಜಿಪ್ ಎಳೆದರು. ಕುಸುಮ ತಿರುಗಿ ನಕ್ಕು, ಅತ್ತೆಯ ಹಿಂದೆ ಮಂಜಿನೊಳಗೆ ನಡೆದಳು.