ಹತ್ತು ಸೇರು ನೀರು

...ಇಲ್ಲ, ಮೊದಲ ಆ ಗಂಟು ಕೆಳಗಿಡು, ಹೊನ್ನವ್ವಾ. ಜಕ್ಕಲಿಯಿಂದ ಇಷ್ಟು ಬಿಸಲಾಗ ಬಂದೀ. ಕಾಲು ತೊಳಕೋ, ಒಂದು ತಂಬಗಿ ನೀರು ಕುಡಿ. ಸೋದರತ್ತಿಯ ಜ್ವರ ಇಳೀತೇನು? ... ಬರೇ ಗೋಣು ಹಾಕತಿ. ಬಾಯಿಲೆ ಹೇಳಬಾರದ? ಇರಲಿ, ಗೊತ್ತೈತಿ. ನಿನಗ ಮೊದಲ ಮೀನ ನೋಡಬೇಕು, ಅಣ್ಣನ ಮಾರಿ ಆಮ್ಯಾಲ.

ನೋಡು ಹಂಗಾದರ. ನೀ ಇಟ್ಟ ಕಟ್ಟಿಮ್ಯಾಲೇ ಐತಿ ಭರಣಿ. ಮೀನ ಬದುಕೈತಿ, ಮೈಮ್ಯಾಲ ಚುಕ್ಕಿ ಒಂದೂ ಇಲ್ಲ. ನೀ ಹೋಗೂ ದಿನ ರವಾ ಉದುರಿಸಿದಂಗಿತ್ತು, ಹೌದಲ್ಲ? ಕಲ್ಲಿಗೆ ಮೈ ತಿಕ್ಕತಿತ್ತು, ಮ್ಯಾಲ ಬಂದು ಬಾಯಿ ಬಿಡತಿತ್ತು. ಈಗ ಹ್ಯಾಂಗ ಓಡ್ಯಾಡತೈತಿ ನೋಡು.

ಊರ ಮಂದಿ ಏನೇನು ಅಂದರು ಈ ಮೀನಕ್ಕ. ಲಿಂಗ ಕಟ್ಟಿದವರ ಮನ್ಯಾಗ ಮೀನ ಏನು, ಸಾರು ಯಾವಾಗ ಅಂತ ಓಣ್ಯಾಗ ನಕ್ಕರು. ಅಂಗಡಿ ಗೌಸುಸಾಬ ಅಂತೂ, "ಕಾರಕೂನಸಾಹೇಬ್ರ, ಅದಕ್ಕೂ ಇಂಗ್ಲಿಷ್ ಕಲಸಾಕತ್ತೀರೇನ್ರಿ?" ಅಂದ. ನಾ ತಲಿಗೆ ಹಚ್ಚಿಕೊಳ್ಳಲಿಲ್ಲ. ಮುಕ್ಕಾಮಿಗೆ ಬಂದಿದ್ದ ದೊರಿಸಾನಿ ಆ ಗಾಜಿನ ಭರಣಿ ಬಿಟ್ಟುಹೋಗದಿದ್ದರ, ಹೊಳೆಮಣ್ಣೂರ ಅಂಬಿಗರ ದೇವಪ್ಪ ಆ ಮೀನ ತಂದುಕೊಡದಿದ್ದರ, ಗಂಡ ಹೋಗಿ ತವರಿಗೆ ಬಂದ ನೀನು ಈ ನಡುಮನ್ಯಾಗ ಕುಂತು ಏನು ನೋಡತಿದ್ದಿ? ಗೋಡಿ.

ಔಷಧ ಏನು ಮಾಡಿದೆ ಅಂತೀ? ಉಪ್ಪು. ದೊರಿಸಾನಿ ಬರೆದುಕೊಟ್ಟ ಚೀಟಿ ಐತೆಲ್ಲ, ಅದರಾಗ ಇದ್ದಂಗ. ಸೇರು ನೀರಿಗೆ ಅರ್ಧ ತೊಲಿ, ಎರಡು ತಾಸು. ನೀ ಹೋಗುವಾಗ ದೇವಪ್ಪನ ಮಾತು ಹೇಳಿ ಹೋಗಿದ್ದಿ: ಒಂದು ಕೊಡ ನೀರಿಗೆ ಒಂದು ಹಿಡಿ ಉಪ್ಪು ಹಾಕು, ಬಾಜೂಕ ಕುಂತಿರು, ಮೀನ ಮಗ್ಗಲಾತೋ ತಗದು ಬರೇ ನೀರಿಗೆ ಬಿಡು ಅಂತ. ಹಿಡಿ ಅಂದರ ಯಾರ ಹಿಡಿ? ಅಂಬಿಗನ ಹಿಡಿಯೋ, ನಿನ್ನ ಹಿಡಿಯೋ? ಧಾರವಾಡದ ಇಂಗ್ಲಿಷ್ ಸಾಲ್ಯಾಗ ನಾಕು ವರ್ಷ ಕಲತು ಬಂದು ನಾನು ಹಿಡೀಲೆ ಅಳೀಬೇಕ? ಅಕ್ಕಸಾಲಿ ಅಯ್ಯಪ್ಪನ ತಕ್ಕಡಿ ಇಸಕೊಂಡು ಬಂದೆ. ಹತ್ತು ಸೇರು ನೀರು, ಐದು ತೊಲಿ ಉಪ್ಪು. ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮಿಲ್ಲ.

... ಯಾಕ ಹಂಗ ಬಾಗಿ ನೋಡತಿ? ಬಾಲದ ಕಡೆ ಕರೇ ಬೊಟ್ಟು ಐತೆಲ್ಲ, ಅದೇ ಬೊಟ್ಟು. ಸ್ವಲ್ಪ ದೊಡ್ಡದು ಕಾಣತೈತೇನು? ರೋಗ ಹೋದ ಮ್ಯಾಲ ಬಣ್ಣ ಏರತೈತಿ.

ಬೆರಳು ಅದ್ದಬ್ಯಾಡ ಈಗ. ಹೊನ್ನವ್ವಾ, ಬ್ಯಾಡ ಅಂದೆ. ಮೂರು ದಿನ ನೀ ಇದ್ದಿಲ್ಲ, ಗುರುತು ಮರತಿರತೈತಿ.

...

ಓಡಿತು. ಹೌದು, ತಳಕ್ಕ ಹೋಗಿ ಕಲ್ಲಿನ ಮರಿಗೆ ನಿಂತಿತು. ಮೊದಲ ನಿನ್ನ ಬೆರಳಿಗೆ ಬಂದು ಬಾಯಿ ಹಚ್ಚತಿತ್ತು. ಗೊತ್ತು ನನಗ.

ಏನರೆ ಅನ್ನು. ಹಿಂಗ ಸುಮ್ಮನ ನೋಡಬ್ಯಾಡ. ಕಚೇರ್ಯಾಗ ಮಾಮಲೇದಾರರೂ ನನ್ನನ್ನ ಹಿಂಗ ನೋಡಿಲ್ಲ.

ಆಗಲಿ. ಇದು ಅದಲ್ಲ.

ಅದು ಮೊನ್ನೆ ಹೋತು. ನೀರಿನಾಗ ಉಪ್ಪು ಕರಗಿಸಿ, ಮೀನ ಬಿಟ್ಟು, ಎರಡು ತಾಸಿಗೆ ತಿರುಗಿ ಬಂದರಾತು ಅಂತ ನಾ ಕಚೇರಿಗೆ ಹೋದೆ. ಬಾಜೂಕ ಕುಂಡರಲಿಲ್ಲ. ಅಳತಿ ಸರಿ ಇದ್ದ ಮ್ಯಾಲ ಕಾಯೂದು ಯಾಕ ಅಂದುಕೊಂಡೆ. ಬಂದು ನೋಡಿದರ ಹೊಟ್ಟಿ ಮ್ಯಾಲ ಮಾಡಿ ತೇಲತಿತ್ತು. ಮತ್ತ ತೂಗಿದೆ, ಮತ್ತ ಲೆಕ್ಕ ಹಾಕಿದೆ. ಲೆಕ್ಕ ಸರಿ. ಆಮ್ಯಾಲ ಕೈಯಾಗಿನ ಸೇರು ಕಂಡಿತು. ದೊರಿಸಾನಿ ಬರೆದದ್ದು ಸರಕಾರಿ ಸೇರು, ಎಂಬತ್ತು ತೊಲಿ. ನಾ ನೀರು ಅಳೆದದ್ದು ನಮ್ಮ ಅಡಗಿಮನಿ ಕಚ್ಚಾ ಸೇರಿಲೆ, ಇಪ್ಪತ್ನಾಲ್ಕು ತೊಲಿ. ಹತ್ತು ಸೇರು ಅಂದದ್ದು ಖರೇ ಅಂದರ ಮೂರೇ ಸೇರು. ಉಪ್ಪು ಮಾತ್ರ ಹತ್ತಕ್ಕ ಹಾಕಿದ್ದೆ. ಈ ಎರಡು ಸೇರು ಅದಲ ಬದಲ ಮಾಡಿ ಮಾರತಾನ ಅಂತ ಗೌಸುಸಾಬನನ್ನ ಸಂತಿ ನಡುವ ನಿಲ್ಲಿಸಿ ಬೈದವ ನಾನು.

ದೇವಪ್ಪನ ಒಂದು ಹಿಡಿ ಅದನ್ನ ಉಳಸತಿತ್ತು.

ನಿನ್ನೆ ಹೊತ್ತು ಏರೂದರಾಗ ತಟ್ಟು ಕುದರಿ ಹತ್ತಿ ಹೊಳೆಮಣ್ಣೂರಿಗೆ ಹೋದೆ. ದೇವಪ್ಪ ಬಲಿ ಹಾಕಿದಾಗೆಲ್ಲ ಬಾಗಿ ಬಾಗಿ ಬೊಟ್ಟು ಹುಡುಕಿದೆ. ಯಾಕ್ರಿ ಯಪ್ಪಾ ಅಂತ ಅವ ಕೇಳಿದ. ಜೋಡಿ ಮಾಡಾಕ ಅಂದೆ. ಅವನ ಮುಂದ ಆ ಮಾತು ನನ್ನ ಬಾಯಾಗ ಎಷ್ಟು ಸಲೀಸು ಬಂತು ಅಂತೀ.

... ಅಲ್ಲ, ಅಳೂದಿದ್ದರ ಅಳು. ಬೈಯೂದಿದ್ದರ ಬೈ. ಯಾಕ ನನ್ನನ್ನೇ ನೋಡತಿ? ಮೀನದ ಮಾತು ಮುಗೀತು. ಎಲ್ಲಾ ಹೇಳಿದೆ.

ಮತ್ತೇನು ಐತಿ ಹೇಳೂದು?

ಹೊನ್ನವ್ವಾ.

ನಿನ್ನ ಗಂಡ ಗುರುಸಂಗಪ್ಪನ ಮನಿಯವರು ನಿನ್ನ ನೋಡಾಕ ಬಂದಾಗ, ಎಲ್ಲಾರೂ ದೇವರಿಗೆ ಅಂತ ಗಜೇಂದ್ರಗಡದ ಗುಡ್ಡದ ಪಾವಟಿಗಿ ಹತ್ತುವಾಗ ಅವ ಮೂರು ಕಡೆ ಕುಂತು ದಮ್ಮು ತಗೊಂಡದ್ದು ನೀ ಒಬ್ಬಾಕಿನೇ ಕಂಡಿದ್ದಿ. ಅಣ್ಣನ ಮುಂದ ಆಡಾಕ ಅಂಜಿ, ಅವಗ ತಿಳಸು ಅಂತ ಅವ್ವನ ಮುಂದ ಹೇಳಿದ್ದಿ. ನಾ ಅವನ ಹೊಲ ನೋಡಿದೆ, ಮನಿತನ ನೋಡಿದೆ, ಅಕ್ಷರ ಬರಿಸಿ ನೋಡಿದೆ. ಎಲ್ಲಾ ಸರಿ ಇತ್ತು. ಒಂದು ವರ್ಷ ತುಂಬಲಿಲ್ಲ, ಕೆಮ್ಮಿ ಕೆಮ್ಮಿ ಹೋದ.

ನೀ ತಿರುಗಿ ಬಂದ ದಿನ ಒಂದೇ ಮಾತು ಕೇಳಿದ್ದಿ. ಅಣ್ಣಾ, ಅವ್ವ ನಿನಗ ಹೇಳಲಿಲ್ಲೇನು ಅಂತ. ಅವ್ವ ಅಷ್ಟೊತ್ತಿಗೆ ಮಣ್ಣಾಗಿದ್ಲು. ಇಲ್ಲ ಅಂದೆ. ಅಣ್ಣ ಸುಳ್ಳಾಡೂದಿಲ್ಲ ಅಂತ ನೀ ನಂಬಿದಿ. ಆವತ್ತಿನಿಂದ ನೀ ಅವ್ವನ ಗದ್ದಿಗಿಗೆ ಒಂದು ಹೂ ಇಡಲಿಲ್ಲ. ನಾ ನೋಡಕೋತ ಇದ್ದೆ. ಎರಡು ವರ್ಷ ನೋಡಕೋತ ಇದ್ದೆ.

ಅವ್ವ ಹೇಳಿದ್ಲು, ಹೊನ್ನವ್ವಾ. ನನ್ನ ಕೈ ಹಿಡಕೊಂಡು ಎರಡು ಸಲ ಹೇಳಿದ್ಲು.