ರಜೆ ಮುಗಿಯುವ ಮೊದಲೇ

ಅರಸೀಕೆರೆ ಸ್ಟೇಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುತ್ತಿದ್ದ ಟೀಚರ್ ಮೇಧಿನಿಯ ಬೆನ್ನ ಹಿಂದಿನ ಬೆಂಚಿನಲ್ಲಿ ಜಾವಗಲ್ಲಿನ ಮುದ್ದಮ್ಮ, ಅವರ ಮಗ ದೀಪಕ್ ಕೂತಿದ್ದರು. ದೀಪಕ್ ವಾಯುಪಡೆಯ ಪೈಲಟ್. ಕೂತಲ್ಲಿ ಕೂರಲಾರದೆ ಎದ್ದೆದ್ದು ಹಳಿಯತ್ತ ಬಗ್ಗಿ ನೋಡುತ್ತಿದ್ದ.

“ಇನ್ನೂ ಎರಡ್ ದಿನ ರಜಾ ಐತಲ್ಲ. ಫೈಟರ್ ವಿಮಾನದ ಟ್ರೈನಿಂಗ್‌ಗೆ ಕರೆದವ್ರಾ?”

“ಇಲ್ಲ ಕಣವ್ವ. ಎಂಟ್ ತಿಂಗ್ಳಾದ್ರೂ ಸರದಿ ಬಂದಿಲ್ಲ. ಅಲ್ಲೀವರ್ಗೂ ನಮ್ಮಲ್ಲಿ ವಿಮಾನ ಕಲಿಯೋಕ್ ಬಂದಿರೋ ಫಾರಿನ್ ಹುಡುಗ್ರಿಗೆ ಇಂಗ್ಲಿಷ್ ಹೇಳ್ಕೊಡೋದೇ ಕೆಲ್ಸ.”

“ಅದ್ಕೆ ಇಂಗ್ ಓಡ್ತೀಯೇನ್ಲಾ?”

“ಅವ್ರಲ್ಲೊಬ್ಬ ನಾಳೆ ಮೊದಲ್ನೇ ಸಲ ಒಬ್ನೇ ವಿಮಾನ ಹಾರಿಸ್ತಾನೆ. ಅರ್ಥ ಆಗ್ದಿದ್ರೂ ನಾಚ್ಕೆಗೆ ಎಲ್ಲದಕ್ಕೂ ‘ಯೆಸ್’ ಅಂತಾನೆ. ಕೆಳಗಿಂದ ರೇಡಿಯೋದಲ್ಲಿ ‘ಇಳೀಬೇಡ’ ಅಂದ್ರೂ ‘ಯೆಸ್’ ಅಂದು ಇಳಿದ್ಬಿಟ್ರೆ?”

“ನೀನೋಗಿ ಏನ್ ಮಾಡ್ತೀಯ?”

“ಬೆಳಿಗ್ಗೆ ಇನ್ನೊಂದ್ಸಲ ಕೂರಿಸ್ಕೊಂಡು ಹೇಳ್ಕೊಡ್ತೀನಿ, ಗೊತ್ತಾಗ್ಲಿಲ್ಲ ಅನ್ನೋದು ಅವಮಾನ ಅಲ್ಲ ಅಂತ. ಆಮೇಲೆ ಕೆಳಗೆ ನಿಂತು ನೋಡ್ತೀನಿ.”

“ನೀನು ಕೆಳಗೆ, ಅವ್ನು ಮ್ಯಾಲೆ. ಒಟ್ಟೆ ಉರಿಯಲ್ವಾ?”

“ಉರೀತದೆ ಅವ್ವ.”

ಮೇಧಿನಿ ಕೈಲಿದ್ದ ಪೇಪರನ್ನು ಸದ್ದಾಗದಂತೆ ಮಡಚಿದಳು.

ಅವನ ರೈಲು ಬಂತು. ದೀಪಕ್ ಬ್ಯಾಗ್ ಎತ್ತಿಕೊಂಡ. ಮುದ್ದಮ್ಮ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟು ಬೋಗಿಯವರೆಗೂ ಜೊತೆಗೆ ನಡೆದರು. ಜನರ ಗದ್ದಲದಲ್ಲಿ ಮೇಧಿನಿಗೆ ಕೊನೆಗೆ ಕೇಳಿಸಿದ್ದು ತಾಯಿಯ ಮಾತು.

“ನೀನ್ ಮೊದ್ಲು ಒಬ್ನೇ ಹಾರಿದ್ ದಿನ ನಂಗೆ ಒಂದ್ ತುತ್ತೂ ಗಂಟ್ಲಲ್ಲಿ ಇಳೀಲಿಲ್ಲ ಕಣ್ಲಾ. ನಾಳೆ ನಿಂಗೂ ಅಂಗೇ ಆಗೋದು. ಇವತ್ತೇ ಒಟ್ಟೆ ತುಂಬ ಉಣ್ಕೊ.”